ಮನೆಯಲ್ಲಿ ಲ್ಯಾಪ್‌ಟಾಪ್ ಕೆಲಸಕ್ಕೆ ಜಾಗ ಮಾಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಿಂದಲೇ ಆಫೀಸು ಕೆಲಸ ಮಾಡುವವರು, ಆನ್‌ಲೈನ್ ಪಾಠ ಹೇಳುವ ಮೇಷ್ಟ್ರುಗಳು, ಅನುವಾದಕರು, ಅಂಗಡಿ ಲೆಕ್ಕ ಬರೆಯುವವರು, ಪರೀಕ್ಷೆಗೆ ಓದುವ ಮಕ್ಕಳ ಅಪ್ಪ ಅಮ್ಮ, ಎಲ್ಲರೂ ಮಾತಿಗೆ ಸಿಕ್ಕಾಗಲೋ ಪತ್ರದಲ್ಲೋ ಕೇಳುವುದು ಹೆಚ್ಚೂ ಕಡಿಮೆ ಇದೇ ಪ್ರಶ್ನೆಗಳನ್ನು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಾಂತ್ರಿಕವಾದದ್ದು ಆಮೇಲೆ. ಬೆಲೆಗಳೆಲ್ಲ ಅಂದಾಜಿನವು, ಅಂಗಡಿಯಿಂದ ಅಂಗಡಿಗೆ ಆಚೀಚೆ ಆಗುತ್ತವೆ.

## ಶುರು ಮಾಡುವವರಿಗೆ

ಲ್ಯಾಪ್‌ಟಾಪ್ ಇದೆ, ಡೈನಿಂಗ್ ಟೇಬಲ್ ಇದೆ. ಇಷ್ಟು ಸಾಲದಾ? ಮತ್ತೆ ಯಾಕೆ ಖರ್ಚು?

ದಿನಕ್ಕೆ ಒಂದು ಗಂಟೆ ಮೇಲ್ ನೋಡುವುದಾದರೆ ಧಾರಾಳವಾಗಿ ಸಾಕು. ಆರೆಂಟು ಗಂಟೆ ಕೂರುವುದಾದರೆ ಸಾಲದು. ಯಾಕೆಂದರೆ ಲ್ಯಾಪ್‌ಟಾಪ್‌ನಲ್ಲಿ ಪರದೆ ಮತ್ತು ಕೀಬೋರ್ಡ್ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಸರಿಯಾದ ಎತ್ತರದಲ್ಲಿಟ್ಟರೆ ಪರದೆ ಕೆಳಗಾಗಿ ಕತ್ತು ಬಗ್ಗುತ್ತದೆ, ಕಣ್ಣಿಗೆ ಸರಿಯಾಗಿ ಎತ್ತರಿಸಿದರೆ ಕೀಬೋರ್ಡ್ ಮೇಲೆ ಹೋಗಿ ಭುಜ ಎತ್ತಿಕೊಂಡೇ ಟೈಪ್ ಮಾಡಬೇಕಾಗುತ್ತದೆ. ‘ನೆಟ್ಟಗೆ ಕೂತ್ಕೋ’ ಅಂತ ಮನೆಯವರು ಎಷ್ಟು ಸಲ ಹೇಳಿದರೂ ಅದು ಸರಿಹೋಗುವುದಿಲ್ಲ, ತಪ್ಪು ನಿಮ್ಮ ಬೆನ್ನಿನದ್ದಲ್ಲ. ಎರಡನ್ನೂ ಬೇರೆ ಮಾಡಬೇಕು, ಅಷ್ಟೇ. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಕೈಯಲ್ಲಿ 2000 ರೂಪಾಯಿ ಮಾತ್ರ ಇದೆ. ಮೊದಲು ಏನು ತಗೊಳ್ಳಲಿ?

ತಂತಿ ಇರುವ ಸಾದಾ ಕೀಬೋರ್ಡ್ ಮತ್ತು ಮೌಸ್. ಎರಡೂ ಸೇರಿ 700ರಿಂದ 900 ರೂಪಾಯಿ. ಬೇರೆ ಏನನ್ನೂ ಇದಕ್ಕಿಂತ ಮೊದಲು ಕೊಳ್ಳಬೇಡಿ.

ಲ್ಯಾಪ್‌ಟಾಪ್ ಎತ್ತರಿಸಲು ಸ್ಟ್ಯಾಂಡ್ ಬೇಕೆಂದೇನೂ ಇಲ್ಲ. ನಾಲ್ಕು ದಪ್ಪ ಪುಸ್ತಕ, ಪೇಪರ್ ಸುತ್ತಿದ ಎರಡು ಇಟ್ಟಿಗೆ, ಅಡುಗೆಮನೆಯ ಗಟ್ಟಿ ಸ್ಟೀಲ್ ಡಬ್ಬ, ಯಾವುದಾದರೂ ಆಗುತ್ತದೆ. ಕೆಳಗಿನ ಗಾಳಿ ಕಿಂಡಿ ಮುಚ್ಚದಿದ್ದರೆ ಸರಿ. ಉಳಿದ ದುಡ್ಡಿನಲ್ಲಿ ಕೂರಲು ಒಂದು ಗಟ್ಟಿ ದಿಂಬು ಮತ್ತು ಮೇಜಿನ ದೀಪ ತಗೊಳ್ಳಿ. ಸೊಂಟದ ಹಿಂದೆ ಇಡಲು ಸ್ನಾನದ ಟವೆಲ್ ಸುರುಳಿ ಸುತ್ತಿದರೆ ಸಾಕು. 2000ದೊಳಗೇ ಮುಗಿಯುತ್ತದೆ.

ಎತ್ತರ ಎಷ್ಟಿರಬೇಕು ಅಂತ ಹೇಗೆ ಗೊತ್ತಾಗುತ್ತೆ? ಎಲ್ಲರೂ ಒಂದೊಂದು ಹೇಳ್ತಾರೆ.

ಟೇಲರ್ ಟೇಪ್ ತಗೊಳ್ಳಿ. ಪಾದ ಪೂರ್ತಿ ನೆಲಕ್ಕೆ ತಾಗುವ ಹಾಗೆ ಕುರ್ಚಿಯಲ್ಲಿ ಕೂತು, ಭುಜ ಸಡಿಲ ಬಿಟ್ಟು, ಮೊಣಕೈ ಮಡಚಿ. ನೆಲದಿಂದ ಮೊಣಕೈ ತಳದವರೆಗೆ ಮನೆಯವರ ಹತ್ತಿರ ಅಳೆಸಿ. ಕೀಬೋರ್ಡ್ ಇರಬೇಕಾದ ಎತ್ತರ ಅದು. 5 ಅಡಿ 2 ಅಂಗುಲ ಇರುವವರಿಗೆ ಸುಮಾರು 62 ಸೆಂಟಿಮೀಟರ್ ಬರುತ್ತದೆ, 5 ಅಡಿ 8 ಅಂಗುಲದವರಿಗೆ 68ರ ಹತ್ತಿರ.

ಈಗ ನಿಮ್ಮ ಮೇಜನ್ನು ಅಳೆಯಿರಿ. ಊಟದ ಮೇಜಾಗಲಿ ಅಂಗಡಿಯ ಕಂಪ್ಯೂಟರ್ ಟೇಬಲ್ ಆಗಲಿ ಸಾಮಾನ್ಯವಾಗಿ 75 ಸೆಂಟಿಮೀಟರ್ ಇರುತ್ತದೆ. ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಅದು ಜಾಸ್ತಿ ಎತ್ತರ, ಅದರಲ್ಲೂ ಹೆಂಗಸರಿಗೆ ಐದು ಅಂಗುಲದಷ್ಟು ಜಾಸ್ತಿ. ಸಂಜೆ ಹೊತ್ತಿಗೆ ಭುಜ ಮತ್ತು ಕತ್ತಿನ ನಡುವೆ ಹಿಡಿದುಕೊಳ್ಳುವುದು ಬಹಳ ಸಲ ಇದರಿಂದಲೇ.

ದಾರಿ ಮೂರಿವೆ. ಒಂದು, ಕೂರುವ ಎತ್ತರ ಹೆಚ್ಚಿಸಿ ಕಾಲ ಕೆಳಗೆ ಮಣೆ ಇಡುವುದು. ದಿಂಬು ಕುಸಿಯುವ ಸ್ಪಂಜಿನದ್ದಾಗಬಾರದು, ಹಳೆ ಕಾಯರ್ ಹಾಸಿಗೆಯ ತುಂಡಿಗೆ ಬಟ್ಟೆ ಹೊಲಿಸಿದರೆ ಚೆನ್ನಾಗಿರುತ್ತದೆ. ಎರಡು, ಮರದ ಮೇಜಾದರೆ ಬಡಗಿಗೆ ಹೇಳಿ ಕಾಲು ಕೊಯ್ಯಿಸುವುದು, ಅರ್ಧ ಗಂಟೆಯ ಕೆಲಸ. ಮೂರು, ಮೇಜಿನ ಅಡಿಗೆ ಹಳಿ ಮೇಲೆ ಜಾರುವ ಕೀಬೋರ್ಡ್ ಹಲಗೆ ಹಾಕಿಸುವುದು. ತೊಡೆಗೆ ತಾಗದಷ್ಟು ಜಾಗ ಇದೆಯಾ ನೋಡಿಕೊಳ್ಳಿ.

ಪರದೆಗೆ ಲೆಕ್ಕ ಸುಲಭ. ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ, ದೂರ ಚಾಚಿದ ಕೈಯಷ್ಟು, ಮೇಲ್ಭಾಗ ಸ್ವಲ್ಪ ಹಿಂದಕ್ಕೆ ಬಾಗಿರಲಿ.

ಮಂಚದ ಮೇಲೆ ಕೂತು ಕೆಲಸ ಮಾಡಿದ್ರೆ ನಿಜವಾಗ್ಲೂ ತೊಂದರೆನಾ?

ಹೌದು, ನಿಮಗೂ ಲ್ಯಾಪ್‌ಟಾಪಿಗೂ. ಹಾಸಿಗೆ ಮೆತ್ತಗಿರುವುದರಿಂದ ಸೊಂಟ ಒಳಗೆ ಕುಸಿದು ಬೆನ್ನು ಬಿಲ್ಲಿನ ಹಾಗೆ ಆಗುತ್ತದೆ. ಇನ್ನು ಲ್ಯಾಪ್‌ಟಾಪ್ ಹೆಚ್ಚಾಗಿ ಗಾಳಿ ಎಳೆದುಕೊಳ್ಳುವುದು ತಳದಿಂದ. ಹೊದಿಕೆ ಮೇಲೆ ಇಟ್ಟರೆ ಕಿಂಡಿ ಮುಚ್ಚಿ ಬಿಸಿಯಾಗುತ್ತದೆ, ಹತ್ತಿಯ ನೂಲು ಧೂಳು ಒಳಗೆ ಹೋಗಿ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ರಾತ್ರಿ ಒಂದು ಸಿನಿಮಾ ನೋಡುವುದಕ್ಕೆ ಅಡ್ಡಿಯಿಲ್ಲ, ತಳಕ್ಕೆ ಒಂದು ಹಲಗೆಯೋ ತಟ್ಟೆಯೋ ಇಟ್ಟುಕೊಳ್ಳಿ.

ಕುರ್ಚಿ ಮೇಜು ಹಾಕೋಕೆ ಜಾಗನೇ ಇಲ್ಲ. ನೆಲದ ಮೇಲೆ ಕೂತು ಮಾಡಬಹುದಾ?

ಧಾರಾಳವಾಗಿ. ಮಂಡಿಗೆ ಆಗುವುದಾದರೆ ಇದು ಮಂಚಕ್ಕಿಂತ ಎಷ್ಟೋ ಮೇಲು. ಹಿಂದೆ ಅಂಗಡಿಗಳಲ್ಲಿ ಲೆಕ್ಕ ಬರೆಯುವವರು ಗಾದಿ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುಂದೆ ಇಳಿಜಾರಿನ ಮರದ ಡೆಸ್ಕ್ ಇಟ್ಟುಕೊಂಡು ದಿನಪೂರ್ತಿ ಬರೆಯುತ್ತಿದ್ದರು. ಅದರಲ್ಲಿ ಗಮನಿಸಬೇಕಾದದ್ದು ಎರಡು. ಅವರು ಬರೀ ನೆಲದ ಮೇಲೆ ಕೂರುತ್ತಿರಲಿಲ್ಲ, ಗಾದಿ ಇತ್ತು. ಬರೆಯುವ ಜಾಗ ಎತ್ತರದಲ್ಲಿತ್ತು.

ನೀವೂ ಹಾಗೇ ಮಾಡಿ. ಮೂರು ಅಂಗುಲ ದಪ್ಪದ ಗಟ್ಟಿ ದಿಂಬಿನ ಮೇಲೆ ಕೂತರೆ ಸೊಂಟ ಮಂಡಿಗಿಂತ ಸ್ವಲ್ಪ ಮೇಲಾಗಿ ಬೆನ್ನು ತಾನಾಗಿ ನೇರವಾಗುತ್ತದೆ. ಮುಂದೆ 28ರಿಂದ 30 ಸೆಂಟಿಮೀಟರ್ ಎತ್ತರದ ಮಣೆಮೇಜು, ಅದರ ಮೇಲೆ ಕೀಬೋರ್ಡ್, ಹಿಂದೆ ಡಬ್ಬದ ಮೇಲೆ ಎತ್ತರಿಸಿದ ಲ್ಯಾಪ್‌ಟಾಪ್. ಬೆನ್ನಿಗೆ ಗೋಡೆ ಇರಲಿ. ಮುಕ್ಕಾಲು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಇಲ್ಲದಿದ್ದರೆ ಕಾಲು ಜೋಮು ಹಿಡಿಯುತ್ತದೆ.

## ಕುರ್ಚಿ, ಮೇಜು

ಒಳ್ಳೆ ಕುರ್ಚಿಗೆ ಎಷ್ಟು ಬೇಕಾಗುತ್ತೆ? ಗೇಮಿಂಗ್ ಚೇರ್ ತಗೋ ಅಂತಾನೆ ತಮ್ಮ.

ಬೇಡ. ಅದೇ ಹತ್ತು ಹನ್ನೆರಡು ಸಾವಿರದಲ್ಲಿ ಅದಕ್ಕಿಂತ ಒಳ್ಳೆಯದು ಬರುತ್ತದೆ. ಅದರ ಹೊದಿಕೆ ಹೆಚ್ಚಾಗಿ ಕೃತಕ ಚರ್ಮ, ನಮ್ಮ ಸೆಕೆಗೆ ಬೆನ್ನು ಬೆವರುತ್ತದೆ, ಎರಡು ಮೂರು ವರ್ಷದಲ್ಲಿ ಸಿಪ್ಪೆ ಏಳಲು ಶುರುವಾಗುತ್ತದೆ. ಜಾಳಿಗೆ ಬೆನ್ನಿನ ಕುರ್ಚಿ ನಮಗೆ ಸರಿ.

ನನ್ನ ಸಲಹೆ ಸೆಕೆಂಡ್ ಹ್ಯಾಂಡ್ ಆಫೀಸ್ ಕುರ್ಚಿ. ಬೆಂಗಳೂರಿನಲ್ಲಿ ಆಫೀಸು ಖಾಲಿ ಮಾಡುವ ಕಂಪನಿಗಳಿಂದ ರಾಶಿ ರಾಶಿ ಬರುತ್ತವೆ. ಗೋದ್ರೆಜ್, ಫೆದರ್‌ಲೈಟ್ ಥರದ ಗಟ್ಟಿ ಕುರ್ಚಿ 3000ದಿಂದ 5000ಕ್ಕೆ ಸಿಗುತ್ತದೆ. ಹೊಸದಾದರೆ ಅದೇ ದುಡ್ಡಿಗೆ ಬರುವುದು ತೆಳು ಪ್ಲಾಸ್ಟಿಕ್ಕಿನ ಕುರ್ಚಿ.

ಕೊಳ್ಳುವಾಗ ಅಂಗಡಿಯಲ್ಲಿ ನಾಚಿಕೊಳ್ಳದೆ ಹತ್ತು ನಿಮಿಷ ಕೂರಿ. ಪೂರ್ತಿ ಎತ್ತರಿಸಿ ಕೂತಾಗ ನಿಧಾನಕ್ಕೆ ಇಳಿಯಿತೋ, ಸೀಟು ಮೇಲೆ ಕೆಳಗೆ ಮಾಡುವ ಗ್ಯಾಸ್ ಲಿಫ್ಟ್ ಹೋಗಿದೆ ಅಂತ ಅರ್ಥ. ಬದಲಾಯಿಸಬಹುದು, ಅದಕ್ಕೆ ಬೆಲೆ ಇಳಿಸಿ ಕೇಳಿ. ತಿರುಗಿಸಿ ಕೆಳಗಿನ ಐದು ಕಾಲಿನಲ್ಲಿ ಬಿರುಕಿದೆಯಾ ನೋಡಿ, ಬಿರುಕಿದ್ದರೆ ಬಿಟ್ಟುಬಿಡಿ. ಪೂರ್ತಿ ಹಿಂದಕ್ಕೆ ಒರಗಿ ಕೂತಾಗ ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಕುಳ್ಳಗಿರುವವರು ಇದನ್ನು ನೋಡದೆ ತಂದು, ಆಮೇಲೆ ಸೀಟಿನ ತುದಿಯಲ್ಲೇ ಕೂರುತ್ತಾರೆ. ಕೈ ಆನಿಕೆ ಮೇಜಿಗೆ ತಾಗಿ ಹತ್ತಿರ ಬರಲು ಬಿಡದಿದ್ದರೆ ಸ್ಕ್ರೂ ಬಿಚ್ಚಿ ತೆಗೆದಿಡಿ.

ಸದ್ಯಕ್ಕೆ ಪ್ಲಾಸ್ಟಿಕ್ ಕುರ್ಚಿನೇ ಗತಿ. ಏನಾದ್ರೂ ಮಾಡಬಹುದಾ?

ಮಾಡಬಹುದು. ಅದರ ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ, ಅದೇ ಮುಖ್ಯ ತೊಂದರೆ. ಸೀಟಿನ ಹಿಂಭಾಗಕ್ಕೆ ಮಡಚಿದ ಬೆಡ್‌ಶೀಟ್ ಹಾಕಿ ಮಟ್ಟ ಮಾಡಿ, ಮೇಲೆ ಗಟ್ಟಿ ದಿಂಬು. ಸೊಂಟದ ಹತ್ತಿರ ಟವೆಲ್ ಸುರುಳಿಯನ್ನು ಜಾರದಂತೆ ದಾರದಿಂದ ಕಟ್ಟಿ. ಕೈ ಇಲ್ಲದ ಮರದ ಊಟದ ಕುರ್ಚಿ ಮನೆಯಲ್ಲಿದ್ದರೆ ಅದು ಇನ್ನೂ ಒಳ್ಳೆಯದು.

ಮೇಜು ಕೊಂಡುಕೊಳ್ಳೋದಾ, ಮಾಡಿಸೋದಾ?

ಅಗ್ಗದ ಆನ್‌ಲೈನ್ ಮೇಜುಗಳು ಹೆಚ್ಚಿನವು ಪಾರ್ಟಿಕಲ್ ಬೋರ್ಡಿನವು, ಅಂದರೆ ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದವು. ಬಯಲುಸೀಮೆಯ ಒಣ ಹವೆಗೆ ನಡೆಯುತ್ತದೆ. ಮಂಗಳೂರು, ಉಡುಪಿ, ಶಿವಮೊಗ್ಗ, ಮಡಿಕೇರಿ ಕಡೆಯವರು ದಯವಿಟ್ಟು ತಗೊಳ್ಳಬೇಡಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಚಿನಲ್ಲಿ ತೇವ ಹಿಡಿದು ಉಬ್ಬುತ್ತದೆ, ಒಮ್ಮೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ, ಸ್ಕ್ರೂ ಹಿಡಿತವೂ ಹೋಗುತ್ತದೆ.

ಮಾಡಿಸುವುದಾದರೆ 18 ಅಥವಾ 19 ಮಿಲಿಮೀಟರ್ ಪ್ಲೈವುಡ್ ಹೇಳಿ. ಮಳೆ ಸೀಮೆಗೆ ಕುದಿಯುವ ನೀರನ್ನೂ ತಡೆಯುವ ಬಿಡಬ್ಲ್ಯೂಆರ್ ದರ್ಜೆ, ಉಳಿದ ಕಡೆ ತೇವ ತಡೆಯುವ ಎಂಆರ್ ಸಾಕು. 8 ಅಡಿಗೆ 4 ಅಡಿಯ ಹಾಳೆಯನ್ನು ಅಡ್ಡಕ್ಕೆ ಕೊಯ್ದರೆ 4 ಅಡಿಗೆ 2 ಅಡಿಯ ಮೇಜಿನ ಹಲಗೆ ನಾಲ್ಕು ಬರುತ್ತವೆ, ಹಾಗಾಗಿ ನೆರೆಹೊರೆಯವರ ಜೊತೆ ಸೇರಿ ತಂದರೆ ಉಳಿತಾಯ. ಅಗಲ 2 ಅಡಿಗಿಂತ ಕಡಿಮೆ ಮಾಡಬೇಡಿ, ಪರದೆ ಮುಖಕ್ಕೆ ಬರುತ್ತದೆ. ಕಾಲಿಗೆ ಹಳೆ ಹೊಲಿಗೆ ಮಷೀನಿನ ಕಬ್ಬಿಣದ ಸ್ಟ್ಯಾಂಡ್ ಮನೆಯಲ್ಲಿದ್ದರೆ ಅದರ ಮೇಲೇ ಹಲಗೆ ಕೂರಿಸಬಹುದು, ಅಲ್ಲಾಡುವುದಿಲ್ಲ. ಬಳಸದ ಫ್ಲಶ್ ಬಾಗಿಲಿದ್ದರೆ ಹಲಗೆಯ ಖರ್ಚೇ ಇಲ್ಲ.

ಬಾಡಿಗೆ ಮನೆ, ಓನರ್ ಗೋಡೆಗೆ ಮೊಳೆ ಹೊಡೆಯೋಕೆ ಬಿಡಲ್ಲ.

ಗೋಡೆಯ ಮಡಚುವ ಮೇಜು ಬಿಟ್ಟುಬಿಡಿ. ಮಡಚುವ ಕಾಲಿನ ಸ್ಟೀಲ್ ಮೇಜು ತಗೊಳ್ಳಿ. ಮನೆ ಬದಲಾಯಿಸುವಾಗ ಆಟೋದಲ್ಲೇ ಹೋಗುತ್ತದೆ. ತಂತಿಗಳನ್ನು ಮೇಜಿನ ಅಡಿಗೆ ಕ್ಲಿಪ್ಪಿನಿಂದ ಕಟ್ಟಿ, ಗುಡಿಸುವವರಿಗೂ ಅನುಕೂಲ.

## ಪರದೆ, ಕೀಬೋರ್ಡ್, ಕಣ್ಣು

ಬೇರೆ ಮಾನಿಟರ್ ಬೇಕೇ ಬೇಕಾ?

ಬೇಕೇ ಬೇಕು ಅಂತಿಲ್ಲ. ಆದರೆ ಕುರ್ಚಿಯಾದ ಮೇಲೆ ದುಡ್ಡಿದ್ದರೆ ಮುಂದಿನದು ಇದೇ. ಎರಡು ಕಡತ ಅಕ್ಕಪಕ್ಕ ಇಟ್ಟು ನೋಡುವವರಿಗೆ, ಅಂದರೆ ಅನುವಾದ, ಲೆಕ್ಕಪತ್ರ, ಪ್ರೂಫ್ ನೋಡುವವರಿಗೆ ಬಹಳ ಸಹಾಯ. 24 ಇಂಚು, ಫುಲ್ ಎಚ್‌ಡಿ, ಐಪಿಎಸ್ ಪ್ಯಾನೆಲ್, ಇಷ್ಟು ಹೇಳಿದರೆ ಅಂಗಡಿಯವರಿಗೆ ಅರ್ಥವಾಗುತ್ತದೆ. ಹೊಸದು 7500ರಿಂದ 10,000. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಕಂಪನಿಗಳು ಬಳಸಿ ಬಿಟ್ಟದ್ದು ಅರ್ಧ ಬೆಲೆಗೆ ಸಿಗುತ್ತದೆ. ಡೆಲ್, ಎಚ್‌ಪಿ, ಲೆನೊವೊದ ಆಫೀಸ್ ಮಾದರಿಗಳಲ್ಲಿ ಸ್ಟ್ಯಾಂಡ್ ಮೇಲೆ ಕೆಳಗೆ ಜಾರುವಂಥವು ಬಹಳ ಇವೆ. ಅಗ್ಗದ ಹೊಸ ಮಾನಿಟರ್‌ಗಳಲ್ಲಿ ಹೆಚ್ಚಾಗಿ ಅದು ಇರುವುದಿಲ್ಲ, ಕೆಳಗೆ ಮತ್ತೆ ಪುಸ್ತಕ ಇಡಬೇಕು. ಹಳೆಯದು ಕೊಳ್ಳುವಾಗ ಪರದೆ ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿಸಿ ಚುಕ್ಕೆ, ಕಲೆ ಇದೆಯಾ ನೋಡಿ.

ಮನೇಲಿರೋ 32 ಇಂಚಿನ ಟಿವಿನೇ ಮಾನಿಟರ್ ಮಾಡ್ಕೊಂಡ್ರೆ?

ಟಿವಿಯ ಹಿಂದೆ ಅಥವಾ ಬಾಕ್ಸಿನ ಮೇಲೆ ಎಚ್‌ಡಿ ರೆಡಿ ಅಂತಿದ್ದರೆ ಬೇಡ. ಅದರಲ್ಲಿರುವುದು 1366ಕ್ಕೆ 768 ಚುಕ್ಕಿ ಮಾತ್ರ. ಅಷ್ಟನ್ನು 32 ಇಂಚಿಗೆ ಹರಡಿದಾಗ ಕನ್ನಡದ ಒತ್ತಕ್ಷರಗಳು ಮಸುಕಾಗುತ್ತವೆ, ‘ಷ್ಟ್ರ’ ಓದಲು ಕಣ್ಣು ಕಿರಿದು ಮಾಡಬೇಕಾಗುತ್ತದೆ. ಫುಲ್ ಎಚ್‌ಡಿ ಅಥವಾ 4ಕೆ ಆದರೆ ಪರವಾಗಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಪಿಸಿ ಮೋಡ್ ಅಥವಾ ಗೇಮ್ ಮೋಡ್ ಹಾಕಿ, ಅಂಚು ಕತ್ತರಿಸಿ ಹೋಗುತ್ತಿದ್ದರೆ ಓವರ್‌ಸ್ಕ್ಯಾನ್ ಆಫ್ ಮಾಡಿ, ಸ್ವಲ್ಪ ದೂರ ಕೂರಿ.

ಕನ್ನಡ ಟೈಪಿಂಗ್ ಜಾಸ್ತಿ ಮಾಡ್ತೀನಿ. ಕನ್ನಡ ಅಕ್ಷರ ಇರೋ ಕೀಬೋರ್ಡೇ ಬೇಕಾ?

ಬೇಡ. ಯಾವ ಸಾದಾ ಕೀಬೋರ್ಡ್ ಆದರೂ ನಡೆಯುತ್ತದೆ, ಅಕ್ಷರ ಬರುವುದು ತಂತ್ರಾಂಶದಿಂದ. ವಿಂಡೋಸ್‌ನಲ್ಲಿ ‘ಕನ್ನಡ’ ಅಂತ ಮೊದಲಿನಿಂದ ಇರುವುದು ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸ, ಅಂದರೆ ಯಾವ ಕೀಗೆ ಯಾವ ಅಕ್ಷರ ಎಂಬ ಜೋಡಣೆ. ನುಡಿ ತಂತ್ರಾಂಶ ಬಳಸುವವರಿಗೆ ಅಭ್ಯಾಸವಾಗಿರುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಲಿನಕ್ಸ್‌ನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಮೂಲಕ ಎರಡೂ ಸಿಗುತ್ತವೆ.

ಕೀಬೋರ್ಡ್ ಆರಿಸುವಾಗ ಒಂದು ಮಾತು. ಎರಡು ವಿನ್ಯಾಸದಲ್ಲೂ ಮಹಾಪ್ರಾಣಕ್ಕೆ ಶಿಫ್ಟ್ ಒತ್ತಬೇಕು, ಹಾಗಾಗಿ ಕನ್ನಡದಲ್ಲಿ ಶಿಫ್ಟ್ ಬಳಕೆ ಇಂಗ್ಲಿಷಿಗಿಂತ ಎಷ್ಟೋ ಜಾಸ್ತಿ. ಎರಡೂ ಕಡೆ ಶಿಫ್ಟ್ ಕೀ ಉದ್ದವಾಗಿರುವ ಪೂರ್ಣ ಅಳತೆಯ ಕೀಬೋರ್ಡ್ ತಗೊಳ್ಳಿ. ಎಡಗೈ ಅಕ್ಷರಕ್ಕೆ ಬಲಗಡೆ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡಗಡೆ ಶಿಫ್ಟ್, ಹೀಗೆ ರೂಢಿ ಮಾಡಿಕೊಂಡರೆ ಕಿರುಬೆರಳು ಉಳಿಯುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಒತ್ತು ಕೊಡಲು ಡಿ ಕೀ, ನುಡಿ ವಿನ್ಯಾಸದಲ್ಲಿ ಎಫ್ ಕೀ. ಒತ್ತಕ್ಷರ ಹೆಜ್ಜೆಹೆಜ್ಜೆಗೂ ಬರುವ ಭಾಷೆ ನಮ್ಮದು, ಆ ಎರಡು ಕೀ ಗಟ್ಟಿಯಾಗಿ ಒತ್ತಬೇಕಾದ ಕೀಬೋರ್ಡ್ ಆದರೆ ಬೇಡವೇ ಬೇಡ. ಅಂಗಡಿಯಲ್ಲೇ ಒತ್ತಿ ನೋಡಿ.

ಸಂಜೆ ಆದ್ರೆ ಕಣ್ಣು ಉರಿ. ಬ್ಲೂ ಲೈಟ್ ಕನ್ನಡಕ ತಗೊಳ್ಳಲಾ?

ಅದಕ್ಕೆ ದುಡ್ಡು ಹಾಕುವ ಮೊದಲು ಬೇರೆಯದನ್ನು ನೋಡಿ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ, ಕಣ್ಣು ಒಣಗುತ್ತದೆ. ಫ್ಯಾನ್ ಗಾಳಿ ನೇರ ಮುಖಕ್ಕೆ ಬೀಳುತ್ತಿದ್ದರೆ ಇನ್ನೂ ಜಾಸ್ತಿ, ಕುರ್ಚಿಯ ಜಾಗ ಬದಲಿಸಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ ಅಂತ ಕಣ್ಣಿನ ಡಾಕ್ಟರುಗಳು ಹೇಳುತ್ತಾರೆ. ಕಿಟಕಿಯಾಚೆಯ ತೆಂಗಿನ ಮರ ಸಾಕು. ಅಕ್ಷರದ ಗಾತ್ರ 120 ಪರ್ಸೆಂಟ್ ಮಾಡಿ, ಆಗ ಮುಂದಕ್ಕೆ ಬಾಗುವುದೂ ತಪ್ಪುತ್ತದೆ.

ನಲವತ್ತು ದಾಟಿ ಪ್ರೋಗ್ರೆಸಿವ್ ಅಥವಾ ಬೈಫೋಕಲ್, ಅಂದರೆ ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕ ಹಾಕುವವರಿಗೆ ಬೇರೆ ಲೆಕ್ಕ. ಗಾಜಿನ ಕೆಳಭಾಗದಲ್ಲಿ ಓದಲು ಗದ್ದ ಮೇಲೆತ್ತುತ್ತೀರಿ, ಕತ್ತಿನ ಹಿಂಭಾಗ ನೋಯುತ್ತದೆ. ನೀವು ಪರದೆಯನ್ನು ಎಲ್ಲರಿಗಿಂತ ಕೆಳಗೆ ಇಡಬೇಕು. ಇಲ್ಲವೇ ಪರದೆಯ ದೂರಕ್ಕೇ, ಸುಮಾರು 60 ಸೆಂಟಿಮೀಟರಿಗೆ, ಬೇರೆ ಕನ್ನಡಕ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ.

## ಬೆಳಕು, ಕರೆಂಟು, ನೆಟ್

ಮೇಜನ್ನು ಕಿಟಕಿ ಎದುರು ಹಾಕೋದಾ, ಬೆನ್ನಿಗೆ ಹಾಕೋದಾ?

ಎರಡೂ ಬೇಡ, ಕಿಟಕಿ ಪಕ್ಕಕ್ಕೆ ಬರಲಿ. ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ, ಬೆನ್ನಿಗಿದ್ದರೆ ಪರದೆಯಲ್ಲಿ ಕಿಟಕಿಯೇ ಕಾಣುತ್ತದೆ, ವಿಡಿಯೊ ಮೀಟಿಂಗಿನಲ್ಲಿ ನಿಮ್ಮ ಮುಖ ಕಪ್ಪಾಗುತ್ತದೆ. ರಾತ್ರಿಗೆ 9 ವ್ಯಾಟಿನ ಎಲ್‌ಇಡಿ ಹಾಕಿದ ಮೇಜಿನ ದೀಪವನ್ನು ಗೋಡೆ ಕಡೆ ತಿರುಗಿಸಿ. ಬೆಳಕು ಚೆದುರಿ ಹಿತವಾಗುತ್ತದೆ. ಕತ್ತಲೆ ಕೋಣೆಯಲ್ಲಿ ಪರದೆ ಮಾತ್ರ ಉರಿಯುವುದು ಕಣ್ಣಿಗೆ ದಣಿವು.

ದಿನಾ ಕರೆಂಟು ಹೋಗುತ್ತೆ. ಇನ್ವರ್ಟರ್ ಹಾಕಿಸಲೇಬೇಕಾ?

ಕಂಪ್ಯೂಟರಿಗಾಗಿ ಮಾತ್ರ ಆದರೆ ಬೇಡ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ. ಕರೆಂಟು ಹೋದಾಗ ಕೆಲಸ ನಿಲ್ಲುವುದು ರೌಟರ್ ಆರುವುದರಿಂದ. ಅದಕ್ಕೆ 1000ದಿಂದ 1500 ರೂಪಾಯಿಯ ಚಿಕ್ಕ ಯುಪಿಎಸ್ ಬರುತ್ತದೆ, ಸಾಮಾನ್ಯವಾಗಿ ಮೂರು ನಾಲ್ಕು ಗಂಟೆ ನಡೆಸುತ್ತದೆ. ಕೊಳ್ಳುವ ಮೊದಲು ರೌಟರ್ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಓದಿ. ಹೆಚ್ಚಿನವು 12 ವೋಲ್ಟ್, ಕೆಲವು 9. ಹೊಂದದಿದ್ದರೆ ರೌಟರ್ ಸುಡಬಹುದು. ಫೈಬರ್ ಪೆಟ್ಟಿಗೆ ಬೇರೆ, ವೈಫೈ ಪೆಟ್ಟಿಗೆ ಬೇರೆ ಇದ್ದರೆ ಎರಡು ಪಿನ್ ಇರುವ ಯುಪಿಎಸ್ ಕೇಳಿ, ಒಂದಕ್ಕೆ ಮಾತ್ರ ಹಾಕಿದರೆ ಉಪಯೋಗವಿಲ್ಲ.

ಚಾರ್ಜಿಗೆ ಹಾಕಿ ಮುಟ್ಟಿದ್ರೆ ಲ್ಯಾಪ್‌ಟಾಪ್ ಜುಮ್ ಅನ್ನುತ್ತೆ. ಅಪಾಯನಾ?

ಲೋಹದ ಮೈಯ ಲ್ಯಾಪ್‌ಟಾಪ್, ಎರಡು ಪಿನ್ನಿನ ಚಾರ್ಜರ್, ಬರಿಗಾಲು. ಈ ಮೂರೂ ಸೇರಿದಾಗ ಹೀಗಾಗುತ್ತದೆ. ಚಾರ್ಜರ್ ಒಳಗಿನ ಫಿಲ್ಟರಿನಿಂದ ತೀರಾ ಸಣ್ಣ ಪ್ರಮಾಣದ ವಿದ್ಯುತ್ ಮೈಗೆ ಸೋರುತ್ತದೆ, ಹೋಗಲು ಅರ್ತಿಂಗ್ ಇಲ್ಲದೆ ನಿಮ್ಮ ಮೂಲಕ ಇಳಿಯುತ್ತದೆ. ಮೂರು ಪಿನ್ನಿನ ಚಾರ್ಜರ್ ಅಥವಾ ತಂತಿ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಹಾಕಿದ ಮೇಲೂ ಜುಮ್ ಎಂದರೆ ನಿಮ್ಮ ಸಾಕೆಟ್ಟಿನ ಅರ್ತಿಂಗ್ ಸತ್ತಿರಬಹುದು, ಎಲೆಕ್ಟ್ರಿಷಿಯನ್ ಕರೆಸಿ. ಹಳೆ ಮನೆಗಳಲ್ಲಿ ಇದು ಮಾಮೂಲು, ಗೀಸರ್ ಇರುವ ಮನೆಯಲ್ಲಂತೂ ತಡಮಾಡಬೇಡಿ. ಜುಮ್ ಅಲ್ಲ, ಹೊಡೆತವೇ ಬಿತ್ತು ಅಂದರೆ ಆ ಚಾರ್ಜರ್ ಅವತ್ತೇ ಬಿಡಿ.

ಗುಡುಗು ಸಿಡಿಲಿಗೆ ಸ್ಪೈಕ್ ಗಾರ್ಡ್ ಸಾಕಲ್ವಾ?

ಸಾಲದು. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಹೊತ್ತಿಗೂ ಅಕ್ಟೋಬರಿನ ಗುಡುಗಿಗೂ ಪ್ಲಗ್ ಕಿತ್ತಿಡುವುದೇ ಸರಿ. ಸ್ವಿಚ್ ಆಫ್ ಮಾಡುವುದಲ್ಲ, ಕೀಳುವುದು. ಸ್ಪೈಕ್ ಗಾರ್ಡ್ ಅಂತ ಮಾರುವ ಎಷ್ಟೋ ಪೆಟ್ಟಿಗೆಗಳು ಬರೀ ಫ್ಯೂಸ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್. ನಿಜವಾದದ್ದರ ಮೇಲೆ ಎಷ್ಟು ಜೂಲ್ ತಡೆಯುತ್ತದೆ ಅಂತ ಬರೆದಿರುತ್ತದೆ, ಅದೂ ಅರ್ತಿಂಗ್ ಸರಿಯಿದ್ದರೆ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ. ಹೊರಗಿನಿಂದ ತಾಮ್ರದ ತಂತಿಯಲ್ಲಿ ನೆಟ್ ಬರುತ್ತಿದ್ದರೆ ಅದನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ದಿನವಿಡೀ ಕಂಪ್ಯೂಟರ್ ಹಾಕಿದ್ರೆ ಗೃಹಜ್ಯೋತಿ ಮಿತಿ ದಾಟಿಬಿಡುತ್ತಾ?

ಲೆಕ್ಕ ಹಾಕೋಣ. ಲ್ಯಾಪ್‌ಟಾಪ್ ಮತ್ತು ಮಾನಿಟರ್ ಸೇರಿ ಸುಮಾರು 60 ವ್ಯಾಟ್. ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ಅಂದರೆ 12 ಯೂನಿಟ್. ಅದೇ ಹೊತ್ತು ತಿರುಗುವ 75 ವ್ಯಾಟಿನ ಹಳೆ ಸೀಲಿಂಗ್ ಫ್ಯಾನ್ 15 ಯೂನಿಟ್ ತಿನ್ನುತ್ತದೆ! ಕಡಿಮೆ ಕರೆಂಟು ತಿನ್ನುವ ಹೊಸ ಥರದ ಬಿಎಲ್‌ಡಿಸಿ ಫ್ಯಾನ್ ಆದರೆ 30 ವ್ಯಾಟಿನ ಆಸುಪಾಸು, 6 ಯೂನಿಟ್. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು. ನೀವು ಅಂಚಿನಲ್ಲಿದ್ದರೆ ಮೊದಲು ಬದಲಾಯಿಸಬೇಕಾದದ್ದು ಫ್ಯಾನು.

ಹಾಲ್‌ನಲ್ಲಿ ನೆಟ್ ಚೆನ್ನಾಗಿದೆ, ರೂಮಿಗೆ ಬಂದ್ರೆ ಮೀಟಿಂಗ್ ನಿಂತು ನಿಂತು ಬರುತ್ತೆ.

ಫೋನಿನಲ್ಲಿ ವೈಫೈ ಹೆಸರು ನೋಡಿ, 5ಜಿ ಅಂತ ಕೊನೆಗೊಳ್ಳುವುದು ವೇಗದ್ದು ಆದರೆ ಗೋಡೆ ದಾಟುವುದಿಲ್ಲ. ರೂಮಿನಲ್ಲಿ ಇನ್ನೊಂದಕ್ಕೆ, ಅಂದರೆ 2.4 ಗಿಗಾಹರ್ಟ್ಸ್‌ಗೆ ಸೇರಿಸಿ. ಕಾಯಂ ಪರಿಹಾರ ಬೇಕಾದರೆ ರೌಟರಿನಿಂದ ರೂಮಿಗೆ ಕ್ಯಾಟ್ 6 ಎಂಬ ನೆಟ್ ತಂತಿ ಎಳೆದುಬಿಡಿ, ಬಾಗಿಲ ಚೌಕಟ್ಟಿನ ಪಕ್ಕ ಅಂಟಿಸಿದರೆ ಕಾಣಿಸುವುದೂ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಅದರ ಕಿಂಡಿ ಇಲ್ಲದಿದ್ದರೆ ಸಾವಿರದೊಳಗೆ ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ.

ಮೀಟಿಂಗ್‌ನಲ್ಲಿ ಕುಕ್ಕರ್ ಶಬ್ದ, ಫ್ಯಾನ್ ಶಬ್ದ ಎಲ್ಲ ಕೇಳಿಸುತ್ತೆ ಅಂತಾರೆ.

ಮೈಕ್ ಬಾಯಿಗೆ ಹತ್ತಿರ ಬಂದಷ್ಟೂ ಉಳಿದ ಶಬ್ದ ಕಡಿಮೆ. ತಂತಿಯ ಸಾದಾ ಇಯರ್‌ಫೋನ್ ಸಾಕು, 500 ರೂಪಾಯಿಯದ್ದು. ಗೋಡೆಗೆ ಹಳೆ ಕೌದಿ ನೇತು ಹಾಕಿದರೆ ಪ್ರತಿಧ್ವನಿಯೂ ಇಳಿಯುತ್ತದೆ.

## ಸ್ವಲ್ಪ ಮುಂದಿನವು

ಟೈಪ್-ಸಿ ಕೇಬಲ್ ಹಾಕಿದ್ರೂ ಮಾನಿಟರ್‌ನಲ್ಲಿ ಏನೂ ಬರಲ್ಲ, ಯಾಕೆ?

ಕಿಂಡಿ ಒಂದೇ ಥರ ಕಂಡರೂ ಎಲ್ಲ ಟೈಪ್-ಸಿಯಲ್ಲೂ ಚಿತ್ರ ಹೋಗುವುದಿಲ್ಲ. ಕೆಲವು ಕಡತ ಸಾಗಿಸಲು ಮಾತ್ರ, ಕೆಲವು ಚಾರ್ಜಿಗೂ ಸೇರಿ. ಲ್ಯಾಪ್‌ಟಾಪ್ ವಿವರದಲ್ಲಿ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಅಥವಾ ಥಂಡರ್‌ಬೋಲ್ಟ್ ಅಂತ ಇರಬೇಕು. ಇದ್ದರೂ ಬರದಿದ್ದರೆ ಹೆಚ್ಚಾಗಿ ಕೇಬಲ್ ಕಾರಣ, ಫೋನ್ ಜೊತೆ ಬಂದ ಕೇಬಲ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಚಿತ್ರ ಹೋಗುವುದಿಲ್ಲ. ಎಚ್‌ಡಿಎಂಐ ಕಿಂಡಿ ಇದ್ದರೆ ಅದನ್ನೇ ಬಳಸಿ, 300 ರೂಪಾಯಿಯ ಕೇಬಲ್ಲಿನಲ್ಲಿ ಮುಗಿಯುತ್ತದೆ.

ಯಾವಾಗಲೂ ಚಾರ್ಜಿಗೆ ಹಾಕೇ ಇಟ್ರೆ ಬ್ಯಾಟರಿ ಹಾಳಾಗುತ್ತಾ?

ನೂರಕ್ಕೆ ನೂರು ತುಂಬಿಕೊಂಡು ಬಿಸಿಯಲ್ಲಿ ಕೂತರೆ ಬೇಗ ಸವೆಯುತ್ತದೆ. ಈಗಿನ ಹೆಚ್ಚಿನ ಕಂಪನಿಗಳ ಸೆಟ್ಟಿಂಗ್ಸ್‌ನಲ್ಲಿ 80 ಪರ್ಸೆಂಟಿಗೆ ನಿಲ್ಲಿಸುವ ಆಯ್ಕೆ ಇದೆ, ಹಾಕಿಬಿಡಿ. ಟಚ್‌ಪ್ಯಾಡ್ ಉಬ್ಬಿದ ಹಾಗೆ ಕಂಡರೆ, ಮುಚ್ಚಳ ಸರಿಯಾಗಿ ಮುಚ್ಚದಿದ್ದರೆ, ಬ್ಯಾಟರಿ ಊದಿಕೊಂಡಿದೆ. ಅವತ್ತೇ ಚಾರ್ಜ್ ನಿಲ್ಲಿಸಿ ಸರ್ವಿಸ್‌ಗೆ ಕೊಡಿ. ಅದನ್ನು ಒತ್ತುವುದು, ಚುಚ್ಚುವುದು ಮಾಡಬೇಡಿ, ಬೆಂಕಿ ಹತ್ತುತ್ತದೆ.

ನಮ್ಮದು ಕಲಬುರಗಿ. ಮೇ ತಿಂಗಳಲ್ಲಿ ಮಧ್ಯಾಹ್ನ ಲ್ಯಾಪ್‌ಟಾಪ್ ನಿಧಾನ ಆಗಿಬಿಡುತ್ತೆ.

ಬಹಳಷ್ಟು ಲ್ಯಾಪ್‌ಟಾಪ್‌ಗಳನ್ನು 35 ಡಿಗ್ರಿವರೆಗಿನ ಕೋಣೆಗೆ ಅಂತ ಮಾಡಿರುತ್ತಾರೆ. ನಿಮ್ಮಲ್ಲಿ ಹೊರಗೆ 40 ದಾಟಿರುತ್ತದೆ. ಬಿಸಿಯಾದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಸ್ಟ್ಯಾಂಡ್ ಮೇಲಿಟ್ಟು ಟೇಬಲ್ ಫ್ಯಾನ್ ಗಾಳಿ ತಳಕ್ಕೆ ಬೀಳುವ ಹಾಗೆ ಮಾಡಿ. ಪಡುವಣ ಗೋಡೆಯ ಪಕ್ಕವನ್ನೂ ಆರ್‌ಸಿಸಿ ಸೂರಿನ ಕೆಳಗೇ ಇರುವ ಮೇಲ್ಮಹಡಿಯನ್ನೂ ಬಿಟ್ಟು ಕೆಳಗಿನ ಕೋಣೆಗೆ ಬನ್ನಿ. ಎರಡು ವರ್ಷ ಹಳೆಯದಾಗಿದ್ದರೆ ಬಿಚ್ಚಿಸಿ ಧೂಳು ತೆಗೆಸಿ, ಅಷ್ಟರಿಂದಲೇ ಎದ್ದು ಕಾಣುವ ವ್ಯತ್ಯಾಸ ಬರಬಹುದು.

ಒಂದೇ ಮೇಜು, ಬೆಳಿಗ್ಗೆ ನಾನು, ಸಂಜೆ ಮಗಳು. ಇಬ್ಬರಿಗೂ ಹೇಗೆ ಹೊಂದಿಸೋದು?

ಮೇಜನ್ನು ಎತ್ತರ ಇರುವವರಿಗೆ ಹೊಂದಿಸಿ, ಚಿಕ್ಕವರನ್ನು ಮೇಲೆತ್ತಿ. ಮಗಳಿಗೆ ಕುರ್ಚಿ ಎತ್ತರಿಸಿ ಕಾಲಿಗೆ ಮಣೆ ಕೊಡಿ. ಅವಳಿಗೆ ಪರದೆ ಎಷ್ಟು ಎತ್ತರ ಬೇಕೋ ಆ ಪುಸ್ತಕದ ಕಟ್ಟನ್ನೇ ದಾರ ಕಟ್ಟಿ ಬೇರೆ ಇಡಿ, ದಿನಾ ಹುಡುಕುವ ಕೆಲಸ ಇರುವುದಿಲ್ಲ. ಮಕ್ಕಳ ಕಾಲು ನೇತಾಡಬಾರದು.

ನಿಂತು ಕೆಲಸ ಮಾಡೋದು ಒಳ್ಳೆಯದಂತೆ, ಅಡುಗೆ ಕಟ್ಟೆ ಮೇಲೆ ಇಟ್ಕೊಳ್ಳಲಾ?

ಅಡುಗೆ ಕಟ್ಟೆ ಸಾಮಾನ್ಯವಾಗಿ 80ರಿಂದ 86 ಸೆಂಟಿಮೀಟರ್. ಐದೂವರೆ ಅಡಿ ಇರುವವರು ನಿಂತಾಗ ಮೊಣಕೈ ಒಂದು ಮೀಟರ್ ದಾಟುತ್ತದೆ. ಅಂದರೆ ಬಗ್ಗಬೇಕಾಗುತ್ತದೆ, ನೀರು ಎಣ್ಣೆಯ ಭಯ ಬೇರೆ. ಮೇಜಿನ ಮೇಲೆ ಒಂದು ಗಟ್ಟಿ ಪೆಟ್ಟಿಗೆ ಇಟ್ಟು ಮೊಣಕೈ ಎತ್ತರ ಬರಿಸಿ. ದಿನಪೂರ್ತಿ ನಿಲ್ಲಬೇಕಾಗಿಲ್ಲ, ಫೋನ್ ಮಾತಿನ ಹೊತ್ತಿಗೆ ನಿಂತರೆ ಸಾಕು.

ಎಲ್ಲ ಸರಿ ಮಾಡಿದ್ರೂ ಕೈ ಬೆರಳು ಜೋಮು ಹಿಡಿಯುತ್ತೆ. ಏನು ಮಾಡಲಿ?

ಮೊದಲು ಕೀಬೋರ್ಡಿನ ಹಿಂದಿನ ಎರಡು ಪುಟ್ಟ ಕಾಲು ಮಡಚಿಬಿಡಿ. ಅವು ನಿಂತಿದ್ದರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ. ಮೌಸ್ ಕೀಬೋರ್ಡಿಗೆ ತಾಗಿಕೊಂಡೇ ಇರಲಿ, ಕೈ ಚಾಚುವ ಹಾಗಿರಬಾರದು. ಮೇಜಿನ ಚೂಪು ಅಂಚು ಮಣಿಕಟ್ಟಿಗೆ ಒತ್ತುತ್ತಿದ್ದರೆ ಬಟ್ಟೆ ಅಂಟಿಸಿ. ಒಂದೆರಡು ವಾರದಲ್ಲಿ ಕಡಿಮೆಯಾಗದಿದ್ದರೆ, ರಾತ್ರಿ ಜೋಮಿನಿಂದ ಎಚ್ಚರವಾಗುತ್ತಿದ್ದರೆ, ಹಿಡಿದ ಲೋಟ ಜಾರುತ್ತಿದ್ದರೆ ಮೂಳೆ ಅಥವಾ ನರದ ಡಾಕ್ಟರಿಗೆ ತೋರಿಸಿ. ಹೆಬ್ಬೆರಳಿನಿಂದ ಉಂಗುರ ಬೆರಳಿನವರೆಗೆ ಜೋಮೋ, ಕಿರುಬೆರಳಿನ ಕಡೆ ಮಾತ್ರವೋ ಅಂತ ನೋಡಿಟ್ಟುಕೊಂಡು ಹೋಗಿ. ಒತ್ತಡ ಬಿದ್ದಿರುವ ನರ ಯಾವುದು ಅಂತ ಪತ್ತೆ ಮಾಡಲು ಡಾಕ್ಟರು ಮೊದಲು ಕೇಳುವುದು ಅದನ್ನೇ.